ಬೋಗುಣಿಯಲ್ಲಿ ಕಾಲುಂಗುರ

"ಬುಳುಂಕ್!"

ಬೋಗುಣಿಯ ತಳಕ್ಕೆ ಹೋಗಿ ಕೂತದ್ದನ್ನು ರಂಜಿನಿ ಬಗ್ಗಿ ನೋಡಿದಳು.

ಬೆಳ್ಳಿಯ ಕಾಲುಂಗುರ... ಅದೂ ಜೋಡಿ!

ದೇವನೂರಿನ ಅಂಗನವಾಡಿಯಲ್ಲಿ ಅಂದು ತೇಲುವ, ಮುಳುಗುವ ಆಟ. ಮನೆಯಿಂದ ಏನಾದರೂ ತನ್ನಿ ಎಂದು ಟೀಚರ್ ರಂಜಿನಿಯೇ ಮಕ್ಕಳಿಗೆ ಹೇಳಿದ್ದಳು. ಬಾಟಲಿ ಮುಚ್ಚಳ ತೇಲಿತು, ಯಾರದೋ ತಾತನ ಹವಾಯಿ ಚಪ್ಪಲಿಯೂ ತೇಲಿತು. ಬೀಗದ ಕೈ ಮುಳುಗಿತು. ಈಗ ಇದು!

"ಅರ್ಪಿತಾ, ಇದು ಯಾರದು ಪುಟ್ಟಾ?"

"ನಮ್ ಚಿಕ್ಕಪ್ಪಂದು ಮಿಸ್!"

"ನಿಮ್ ಚಿಕ್ಕಪ್ಪ ಕಾಲುಂಗ್ರ ಇಕ್ಕತ್ತನೇನವ್ವಾ?" ಸಹಾಯಕಿ ಕೆಂಪಾಜಮ್ಮ ಕಿಸಕ್ಕನೆ ನಕ್ಕರು.

"ಊಹೂಂ! ಮದ್ವೆ ಎಣ್ಗೆ! ಬೀರುವೊಳ್ಗೆ ಮಡಗಿತ್ತು!"

ಮದುವೆ ಹೆಣ್ಣು?!

ಅರ್ಪಿತಳ ಚಿಕ್ಕಪ್ಪ ಅಮೃತೇಶ್ ಊರಿಗೆ ನೀರು ಬಿಡುವವನು. ಅಂಗನವಾಡಿ ಪಕ್ಕದ ವಾಲ್ವ್ ತಿರುಗಿಸಲು ಎರಡು ನಿಮಿಷ ಸಾಕು. ಅವನ ಕೈಯಲ್ಲಿ ಮಾತ್ರ ಅದು ಪಾಠ ಮುಗಿಯುವವರೆಗೂ ತಿರುಗುತ್ತಿತ್ತು. ಅದನ್ನೇ ಪ್ರೀತಿ ಎಂದು ನಂಬಿ, ಟಿ. ನರಸೀಪುರದ ಗಂಡಿನ ಕಡೆಯವರಿಗೆ ಉತ್ತರ ಕೊಡದೆ ಅಮ್ಮನನ್ನು ಸತಾಯಿಸುತ್ತಿದ್ದವಳು ರಂಜಿನಿ.

'ಬಾಯಿಬಿಟ್ಟು ಏನಾದರೂ ಹೇಳಿದ್ದನಾ? ಬರೀ ವಾಲ್ವ್ ತಿರುಗಿಸಿದ... ಅಷ್ಟೇ.'

ಕಣ್ಣು ತುಂಬಿತು. ಆದರೂ ನೀರಿಗೆ ಕೈ ಹಾಕಿ ಉಂಗುರ ತೆಗೆದು ನೋಡಿದಳು. ಅಬ್ಬಾ, ಏನು ಗಾತ್ರ! ಎರಡು ಬೆರಳು ಒಟ್ಟಿಗೇ ತೂರುವಂತಿತ್ತು. ಅಷ್ಟು ದುಃಖದಲ್ಲೂ ಒಂದು ಸಮಾಧಾನವಾಯಿತು... ಆ ಹುಡುಗಿಯದು ಆನೆ ಕಾಲು!

ಫೋನ್ ಮಾಡಿದಳು. "ಅಮ್ಮಾ... ಆ ನರಸೀಪುರದವರಿಗೆ..."

"ಅಯ್ಯೋ, ಉಂಗ್ರ!"

ಬಾಗಿಲಲ್ಲಿ ಏದುಸಿರು ಬಿಡುತ್ತಾ ಅಮೃತೇಶ್!

ಫೋನ್ ಹಿಡಿದ ಕೈ ಹಾಗೇ ಕೆಳಗಿಳಿಯಿತು.

"ತಗೊಳ್ಳಿ. ನಿಮ್ಮ ಹೆಣ್ಣಿಗೆ ಒಳ್ಳೇದಾಗಲಿ. ಬೆರಳು ಸ್ವಲ್ಪ ದಪ್ಪ ಅನ್ಸುತ್ತೆ!"

ಅವನು ಗಾಬರಿಯಿಂದ ಅವಳ ಪಾದವನ್ನೇ ನೋಡಿದ. "ದೊಡ್ಡದಾಗೋಯ್ತಾ? ಅಳತೆ ಸರಿಯಾಗೇ ತಗಂಡಿದ್ದೆ ಕಣ್ರೀ..."

"ಯಾರ ಅಳತೆ?"

"ನಿಮ್ದೇ! ಅವತ್ತು ಮಕ್ಳ ಜೊತೆ ಒದ್ದೆ ಕಾಲಲ್ಲಿ ಜಗುಲಿ ಮ್ಯಾಲೆ ಎಜ್ಜೆ ಊರಿದ್ರಲ್ಲ, ಯಾವ್ದು ಮೊದ್ಲು ಒಣಗ್ತದೆ ನೋಡ್ರಿ ಅಂತ? ನೀವು ಒಳಕ್ಕೋದ್ ಮ್ಯಾಲೆ ಬೆರಳಿನ ಗುರ್ತಿನ ಸುತ್ತ ದಾರ ಇಟ್ಟು ಅಳೆದೆ. ನಂಜನಗೂಡಲ್ಲಿ ಮಾಡಿಸ್ದೆ."

ರಂಜಿನಿ ಬಗ್ಗಿ ತನ್ನ ಪಾದ ನೋಡಿಕೊಂಡಳು.

ನನ್ನ ಹೆಜ್ಜೆ?! ಆನೆ ಕಾಲು... ನನ್ನದೇ?!

"ಒದ್ದೆ ಹೆಜ್ಜೆ ಹರಡ್ಕೊಳ್ಳುತ್ತೆ ರೀ!" ಅಳುತ್ತಲೇ ಕೂಗಿದಳು. "ಊರಿಗೆಲ್ಲ ನೀರು ಬಿಡ್ತೀರಾ, ಅಷ್ಟೂ ಗೊತ್ತಾಗಲ್ವಾ?"

"ಯಾರಾದ್ರೂ ನೋಡ್ಬುಟ್ಟಾರು ಅನ್ನೋ ದಿಗಿಲಲ್ಲಿ ತಲೆ ಓಡ್ಲಿಲ್ಲ. ಅವ್ವನ್ನ ಕರ್ಕಂಡು ಭಾನ್ವಾರ ನಿಮ್ಮನೆಗೆ ಬರಾಣ ಅಂತಿದ್ದೆ..." ಅವನ ದನಿ ಇಳಿಯಿತು. "ಬರ್ಲಾ?"

"ಯಾರೇ ಅದು, ಹೆಜ್ಜೆ ಅಳೆದವನು?" ಫೋನಿನೊಳಗಿಂದ ಅಮ್ಮ! "ನರಸೀಪುರದವರಿಗೆ ಏನಂತ ಹೇಳ್ಲಿ?"

ಅಮೃತೇಶ್ ಅವಳ ಮುಖವನ್ನೇ ನೋಡಿದ. ಮಕ್ಕಳೂ ಬಾಯಿ ತೆರೆದು ನೋಡುತ್ತಿದ್ದವು.

"ಬೇಡ ಅಂತ ಹೇಳಮ್ಮ!" ಫೋನ್ ಕಟ್ ಮಾಡಿ ಕಣ್ಣೊರೆಸಿಕೊಂಡಳು. "ಕೇಳಿಸ್ತಾ?"

"ಕೇಳಿಸ್ತು... ಈ ಉಂಗ್ರ ಏನ್ ಮಾಡ್ಲಿ?"

"ಸಣ್ಣದು ಮಾಡಿಸಿ. ಈ ಸಲ ನನ್ನ ಕೇಳಿ ಅಳತೆ ತಗೊಳ್ಳಿ."

"ಕೇಳಿದ್ರೆ... ಕೊಡ್ತೀರಾ?"

ರಂಜಿನಿ ಸೀರೆಯ ಅಂಚನ್ನು ತುಸುವೇ ಎತ್ತಿ, ಪಾದ ಮುಂದಿಟ್ಟಳು.

"ದಾರ ತಂದಿದ್ದೀರಾ?"