ಆರು ಕೆಂಪು, ಆರು ಬಿಳಿ

ಮಾರ್ಚ್ ಒಂದರ ಬೆಳಿಗ್ಗೆ ಪ್ಲೊವ್ದಿವ್‌ನ ಕೆಮಿಸ್ಟ್ರಿ ಲ್ಯಾಬ್‌ನಲ್ಲಿ ಕೆಮಿಸ್ಟ್ ಕಲೋಯಾನ್ ಎಲ್ಲರ ಕೈಗೂ ವಸಂತದ ಶುಭ ತರುವ ಕೆಂಪು-ಬಿಳಿ ದಾರದ ಮಾರ್ತೆನಿತ್ಸಾ ಕಟ್ಟಿದ. ಗಾಜು ತೊಳೆಯುವ ಸ್ತಾಂಕಾ ಚಿಕ್ಕಮ್ಮನಿಗೂ ಕಟ್ಟಿದ, ಪಾಠ ಹೇಳುವ ರುಮ್ಯಾನಾಳಿಗೂ ಕಟ್ಟಿದ. ರುಮ್ಯಾನಾಳ ಮುಖ ಬಾಡಿತು.

ದೂರದ ವಾರ್ನಾದಲ್ಲಿ ಅವಳಿಗೆ ಕೆಲಸ ಸಿಕ್ಕಿತ್ತು. ಬರುತ್ತೇನೋ ಇಲ್ಲವೋ ಎಂದು ಮಧ್ಯಾಹ್ನದೊಳಗೆ ಫೋನ್ ಮಾಡಿ ಹೇಳಬೇಕಿತ್ತು. ಕಲೋಯಾನ್ ಒಂದು ಮಾತಾಡಿದ್ದರೆ ಉಳಿದುಬಿಡುತ್ತಿದ್ದಳು. ಈ ಮಹರಾಯ ಊರಿಗೆಲ್ಲ ಹಂಚಿದ್ದನ್ನೇ ಅವಳಿಗೂ ಹಂಚಿದ್ದ.

"ಸರಿಯಾಗಿ ನೋಡಿದ್ಯಾ?" ಎಂದು ಕೇಳಿದ.

"ನೋಡೋದೇನಿದೆ? ಎಲ್ಲರದ್ದರ ಹಾಗೇ ಅರ್ಧ ಕೆಂಪು, ಅರ್ಧ ಬಿಳಿ. ಮಿಕ್ಕಿದ ದಾರವನ್ನೆಲ್ಲ ನಂಗೇ ಸುತ್ತಿದೀಯ, ಅಷ್ಟೆ."

ಅವನು ತುಟಿಯಂಚಿನಲ್ಲಿ ನಕ್ಕು ತನ್ನ ಟೇಬಲ್ಲಿಗೆ ಹೋದ.

ಅಷ್ಟರಲ್ಲಿ ವಿದ್ಯಾರ್ಥಿನಿ ನೆವೆನಾ ಬಂದಳು. "ಸ್ಯಾಂಪಲ್ ಸುಟ್ಟು ಲೆಕ್ಕ ಹಾಕಿದೆ ಮಿಸ್. ಒಂದು ಕಾರ್ಬನ್‌ಗೆ ಒಂದು ಹೈಡ್ರೋಜನ್. ಸಿಎಚ್. ಮುಗೀತಲ್ಲ?"

"ಎಲ್ಲಿ ಮುಗೀತು? ಅದು ಎಂಪಿರಿಕಲ್ ಫಾರ್ಮುಲಾ, ಬರೀ ಪ್ರಮಾಣ. ಎರಡೆರಡಿದ್ರೂ ಅದೇ ಬರುತ್ತೆ, ಅದು ವೆಲ್ಡಿಂಗ್ ಅಂಗಡಿ ಅಸಿಟಿಲೀನ್. ಆರಾರಿದ್ರೂ ಅದೇ, ಆದ್ರೆ ಅದು ಬೆಂಜೀನ್, ಬಳೆ ಹಾಗೆ ಸುತ್ತಿಕೊಂಡಿರುತ್ತೆ. ಅಣುವಿನ ತೂಕ ನೋಡಿದ್ರೆ ತಾನೇ ನಿಜವಾದ ಮಾಲಿಕ್ಯುಲರ್ ಫಾರ್ಮುಲಾ ಗೊತ್ತಾಗೋದು? ತೂಕ ನೋಡದೆ..."

ರುಮ್ಯಾನಾ ಮಾತು ನಿಲ್ಲಿಸಿ ತನ್ನ ಮಣಿಕಟ್ಟು ನೋಡಿಕೊಂಡು, ದಾರದ ಗಂಟು ಬಿಚ್ಚತೊಡಗಿದಳು. ಪಾಠ ಹೇಳುವವರಿಗೆ ತಮ್ಮ ಪಾಠ ತಮಗೆ ನೆನಪಾಗುವುದು ಸ್ವಲ್ಪ ತಡವೇ.

"ವಸಂತದ ಮೊದಲ ಕೊಕ್ಕರೆ ಕಾಣೋ ಮುಂಚೆ ಬಿಚ್ಚಬಾರದು ಕಣೇ," ಎಂದು ಸ್ತಾಂಕಾ ಗದರಿದಳು.

"ಒಂದೇ ನಿಮಿಷ ಚಿಕ್ಕಮ್ಮ. ನಿಮ್ದೂ ಕೊಡಿ."

ಎರಡನ್ನೂ ತಕ್ಕಡಿಗಿಟ್ಟಳು. ಅವಳದು ಸರಿಯಾಗಿ ಮೂರು ಪಟ್ಟು ತೂಗಿತು. ಎಳೆ ಬಿಡಿಸಿದಳು: ಚಿಕ್ಕಮ್ಮನದು ಎರಡು ಕೆಂಪು, ಎರಡು ಬಿಳಿ. ಅವಳದು ಆರು, ಆರು.

ನೇರ ಕಲೋಯಾನನ ಟೇಬಲ್ಲಿಗೆ ನಡೆದಳು. "ನಿಂಗೆ ಬಾಯಿ ಇರ್ಲಿಲ್ವಾ?"

"ಇತ್ತು. ನಿನ್ನ ಮುಂದೆ ಒಣಗಿಹೋಗುತ್ತೆ." ಅವನ ಕಿವಿ ಕೆಂಪಾಗಿತ್ತು. "ನೀನು ನಂಗೆ ಎಲ್ಲರ ಹಾಗಲ್ಲ, ರುಮ್ಯಾನಾ. ಹೋಗ್ಬೇಡ ಅಂತ ತಡೆಯೋಕೆ ಮನಸ್ಸಿಲ್ಲ, ಅದು ನೀನು ಆಸೆಪಟ್ಟ ಕೆಲಸ. ನಾನೂ ಜೊತೆಗೆ ಬರ್ಲಾ ಅಂತ ಕೇಳ್ಬಹುದಾ?"

ಅವಳು ಕೈ ಚಾಚಿದಳು. "ಮೊದಲು ಕಟ್ಟು. ಗಟ್ಟಿಯಾಗಿ."

ಅವನು ಗಂಟು ಹಾಕುತ್ತಿರುವಾಗಲೇ ಇನ್ನೊಂದು ಕೈಯಿಂದ ವಾರ್ನಾಕ್ಕೆ ಫೋನ್ ಮಾಡಿದಳು.

"ಬರ್ತೀನಿ ಸರ್. ಒಂದು ಮಾತು, ನಿಮ್ಮಲ್ಲಿ ಇನ್ನೊಬ್ಬ ಕೆಮಿಸ್ಟ್‌ಗೆ ಜಾಗ ಇದೆಯಾ?"