ಒಂದೇ ಗುಂಡು

೧೯೫೩ನೇ ಇಸವಿ ಸೆಪ್ಟೆಂಬರ್ ಹದಿನಾಲ್ಕು, ಸೋಮವಾರ ಬೆಳಿಗ್ಗೆ ಒಂಬತ್ತೂವರೆಗೆ ವಕೀಲ ನಾಣಯ್ಯನವರು ಮಡಿಕೇರಿ ಠಾಣೆಯ ಮೆಟ್ಟಿಲು ಹತ್ತಿದಾಗ ಅವರ ಸಿಟ್ಟಿಗೆ ಹೆದರಿ ಮಂಜು ಎರಡು ಮಾರು ಹಿಂದೆ ಸರಿಯಿತು. ಮಂಜೆಂದರೆ ಅಂತಿಂಥದ್ದಲ್ಲ. ಆ ದಿನಗಳಲ್ಲಿ ಕೈ ಚಾಚಿದವನು ಆಮೇಲೆ ತನ್ನ ಕೈ ಹುಡುಕಿಕೊಡಿ ಎಂದು ದೂರು ಕೊಡಬೇಕಿತ್ತು. ನಾಣಯ್ಯನವರ ದೂರು ಮಾತ್ರ ಬೇರೆ: ದೇವರ ಕೋಣೆಯ ಗೋಡೆಯಲ್ಲಿದ್ದ ಜೋಡುನಳಿಗೆಯ ಕೋವಿ ಮತ್ತು ಮೂರು ತೋಟಾ ಕಳುವಾಗಿವೆ.

ಇನ್‌ಸ್ಪೆಕ್ಟರ್ ಪೊನ್ನಪ್ಪ ಎಫ್.ಐ.ಆರ್. ಬರೆಸಿದರು. ಅವರ ಮೀಸೆಯ ಒಂದು ತುದಿ ಮೈಸೂರಿನ ಕಡೆಗೆ, ಇನ್ನೊಂದು ಮಂಗಳೂರಿನ ಕಡೆಗೆ ಚಾಚಿತ್ತು. ನಡುವೆ ಇದ್ದುದೆಲ್ಲ ಕೊಡಗು ರಾಜ್ಯ. ರಾಜ್ಯವೂ ಅಷ್ಟೇ, ಬಸ್‌ಸ್ಟ್ಯಾಂಡಿನಲ್ಲಿ ಯಾರಾದರೂ ಸೀನಿದರೆ ಸಚಿವಾಲಯದಲ್ಲಿ ಕರವಸ್ತ್ರ ತೆಗೆಯುವಷ್ಟು.

ಅಂಥ ಮೀಸೆಯ ಕೆಳಗಿನ ಬಾಯಿ ಅವತ್ತು ಒಣಗಿತ್ತು. ಮುಂಜಾನೆ ಆರರ ಸುಮಾರಿಗೆ ಊರ ಕೆಳಗಿನ ಕಣಿವೆಯಿಂದ ಗುಂಡಿನ ಸದ್ದು ಬಂದಿತ್ತು. ಬೇರೆ ಊರಾಗಿದ್ದರೆ ಪೊಲೀಸರು ಎದ್ದುಬಿದ್ದು ಓಡುತ್ತಿದ್ದರು. ಕೊಡಗಿನಲ್ಲಿ ಒಂದು ಗುಂಡೆಂದರೆ ಯಾರದೋ ಮನೆಯಲ್ಲಿ ಗಂಡುಮಗು ಹುಟ್ಟಿತೆಂದು ಅರ್ಥ. ಬೆನ್ನಬೆನ್ನಿಗೆ ಎರಡು ಕೇಳಿದರೆ ಸಾವು. ಕೇಳಿದ್ದು ಒಂದೇ. ಪೊನ್ನಪ್ಪ ‘ಒಳ್ಳೆಯದಾಗಲಿ’ ಎಂದು ಹರಸಿ, ಮಗ್ಗುಲು ಬದಲಿಸಿ, ಕಂಬಳಿ ಎಳೆದುಕೊಂಡಿದ್ದರು. ಅವರು ಹರಸಿದ್ದು ಕದ್ದ ಕೋವಿಯನ್ನು.

ಊರೂ ಏನು ಕಡಿಮೆಯಿರಲಿಲ್ಲ. ಬಸ್‌ಸ್ಟ್ಯಾಂಡಿನೆದುರು ಕಾಕನ ಚಹಾದಂಗಡಿಯಲ್ಲಿ ಜನ ಆ ಹೆಸರಿಲ್ಲದ ಮಗುವನ್ನು ಒಂಬತ್ತು ಗಂಟೆಯೊಳಗೆ ಓದಿಸಿ, ಮದುವೆ ಮಾಡಿಸಿ, ಸೈನ್ಯದಲ್ಲಿ ಜನರಲ್ ಮಾಡಿ ಮುಗಿಸಿದ್ದರು. ಯಾರ ಮನೆಯ ಮಗುವೆಂದು ಮಾತ್ರ ಗೊತ್ತಿರಲಿಲ್ಲ.

ಹನ್ನೊಂದಕ್ಕೆ ನಾಣಯ್ಯನವರ ಮನೆಯಲ್ಲಿ ಪಂಚನಾಮೆ ನಡೆಯಿತು. ಬೀಗ ಒಡೆದಿರಲಿಲ್ಲ, ಹೆಂಚು ಕದಲಿರಲಿಲ್ಲ. ಆ ಕೋಣೆಗೆ ಕಾಲಿಡುತ್ತಿದ್ದವರು ಮನೆಯವರು ಮತ್ತು ಆಳು ಕಾಳ. ಆಯುಧಗಳ ಹಬ್ಬ ಕೈಲ್ ಮುಹೂರ್ತ ಬಂತೆಂದರೆ ಕೋವಿ ಇಳಿಸಿ, ಒರೆಸಿ, ಎಣ್ಣೆ ಹಾಕಿ ಪೂಜೆಗಿಡುವುದು ಅವನ ಕೆಲಸ. ಅವನ ತಲೆ ಬೆಳ್ಳಗಾದದ್ದೇ ಆ ಮನೆಯಲ್ಲಿ.

“ಕೋವಿ ಕಡೇಲಿ ಮುಟ್ಟಿದ್ದು ಯಾರು?” ಎಂದರು ಪೊನ್ನಪ್ಪ.

“ನಾನೇ ಸಾಮಿ, ಹಬ್ಬಕ್ಕೆ.”

“ಆಮೇಲೆ?”

“ಆಮೇಲೆ ಅದರಲ್ಲಿ ನಮಗೇನು ಕೆಲಸ?”

ಇವನ ಜೋಪಡಿಯನ್ನೂ ನೋಡೋಣವೇ ಎಂದು ಹೆಡ್ ಕಾನ್‌ಸ್ಟೆಬಲ್ ಸಣ್ಣಸ್ವಾಮಿ ಕೇಳಿದ. ನಾಣಯ್ಯ ಬೇಡವೆಂದು ಕೈಯಲ್ಲಾಡಿಸಿಬಿಟ್ಟರು. “ನಮ್ಮನೆ ನಾಯಿ ಬೇಕಾದ್ರೆ ಕದೀತದೆ, ಕಾಳ ಕದಿಯಲ್ಲ.” ಅವರು ಹೊಗಳಿಕೆಯೆಂದೇ ಹೇಳಿದ್ದು. ಕಾಳನೂ ಹೊಗಳಿಕೆಯೆಂದೇ ತಲೆ ಬಗ್ಗಿಸಿದ.

ಗುಂಡು ಹಾರಿದ ಮನೆ ಸಿಕ್ಕರೆ ಕೋವಿಯೂ ಸಿಕ್ಕೀತೆಂದು ಪೊನ್ನಪ್ಪ ಲೆಕ್ಕ ಹಾಕಿದರು. ಮೂರು ದಿನ ಕಾನ್‌ಸ್ಟೆಬಲ್‌ಗಳು ಕೋವಿ ಇರುವ ಮನೆಮನೆಗೂ ಹೋಗಿ ಬಾಣಂತಿಯರ ವಿಚಾರಣೆ ಮಾಡಿದರು. ಇಂಥ ತನಿಖೆಯನ್ನು ಲಂಡನ್ನಿನ ಪೊಲೀಸರೂ ಕನಸಿನಲ್ಲಿ ಕಂಡಿರಲಾರರು. ಒಬ್ಬ ಅಜ್ಜಿ ಒನಕೆ ಹಿಡಿದು ಗೇಟಿನ ತನಕ ಅಟ್ಟಿಸಿಕೊಂಡು ಬಂದಳು. ಒಂದು ಮನೆಯಲ್ಲಿ ಅವಳಿಜವಳಿ ಹುಟ್ಟಿದ್ದವು, ಎರಡೂ ಹೆಣ್ಣು. ಹೆಣ್ಣಿಗೆ ಯಾರೂ ತೋಟಾ ಖರ್ಚು ಮಾಡುವುದಿಲ್ಲವಾದ್ದರಿಂದ ಆ ಮನೆಯನ್ನು ಕೈಬಿಟ್ಟರು. ಗಂಡುಮಗು ಎಲ್ಲೂ ಇರಲಿಲ್ಲ.

ಗುರುವಾರ ಬೆಳಿಗ್ಗೆ ಠಾಣೆಯಲ್ಲಿ ಕುಳಿತಿದ್ದಾಗ ಫ್ರೇಸರ್‌ಪೇಟೆ ಕಡೆಯ ಸಣ್ಣಸ್ವಾಮಿ ಬೂಟಿನ ಕೆಸರು ಕೆರೆಯುತ್ತ, “ಕೋವಿ ಇಲ್ದಿರೋ ಮನೇಲೂ ಮಕ್ಳು ಹುಟ್ತವೆ ಸಾರ್, ಅಲ್ಲಿಗೂ ಹೋಗ್ಬರ್ಲಾ?” ಎಂದ. ಠಾಣೆಗೆ ಠಾಣೆಯೇ ನಕ್ಕಿತು. ಎಲ್ಲರಿಗಿಂತ ದೊಡ್ಡದಾಗಿ ನಕ್ಕವರು ಪೊನ್ನಪ್ಪ.

ಆ ನಗು ಇನ್ನೂ ಬಾಯಲ್ಲಿರುವಾಗಲೇ ಕಣಿವೆಯಿಂದ ಗುಂಡು ಕೇಳಿಸಿತು. ಎಲ್ಲರೂ ಕಿವಿಗೊಟ್ಟರು. ಎರಡನೆಯದು ಬರಲಿಲ್ಲ.

“ಇನ್ನೊಂದು ಗಂಡು!” ಎಂದು ಕಾಕನ ಅಂಗಡಿಯಿಂದ ಯಾರೋ ಕೂಗಿದರು.

ಪೊನ್ನಪ್ಪನವರ ನಗು ಮೀಸೆಯಡಿಯಲ್ಲೇ ಸತ್ತಿತು. ಕೋವಿ ಇಲ್ಲದ ಮನೆ. ಕೋವಿ ಇಲ್ಲದಿದ್ದರೂ ಕೋವಿಯ ಮೈ ಬಲ್ಲವನ ಮನೆ. ಟೋಪಿ ಎತ್ತಿಕೊಂಡು ಅವರು ಕಣಿವೆಗೆ ಇಳಿದ ವೇಗಕ್ಕೆ ಸಣ್ಣಸ್ವಾಮಿ ಎರಡು ಸಲ ಬಿದ್ದ.

ಕಾಳ ಜೋಪಡಿಯ ಹಿಂದೆ ಮಳೆಯಲ್ಲೇ ಕುಳಿತಿದ್ದ, ತೊಡೆಯ ಮೇಲೆ ಕೋವಿ. ಪಕ್ಕದಲ್ಲಿ ಆಗಷ್ಟೇ ಮುಚ್ಚಿದ ಕೆಂಪು ಮಣ್ಣಿನ ದಿಬ್ಬ, ಒಂದು ಮೊಳ ಉದ್ದ. ಅವನ ಮಗಳು ಮುದ್ದಿ ಒಳಗೆ ಗೋಡೆಗೆ ಮುಖ ಮಾಡಿ ಮಲಗಿದ್ದಳು.

“ಯಾಕೆ ಕದ್ದೆ?”

“ಮುದ್ದಿಗೆ ಗಂಡು ಹುಟ್ಟಿತ್ತು ಸಾಮಿ.”

“ಅದಕ್ಕೆ ಒಂದು ಸಾಕಲ್ಲ. ಮೂರು ಯಾಕೆ?”

“ಉಳಿದೆರಡು ನನಗೆ ಅಂತ ತಂದಿದ್ದೆ.” ಕಾಳ ದಿಬ್ಬದ ಮೇಲಿನ ಮಣ್ಣನ್ನು ಅಂಗೈಯಿಂದ ಸವರಿದ. “ಅವನಿಗೇ ಬೇಕಾಯ್ತು. ಒಂದು ಹಾರಿತು. ಇನ್ನೊಂದು ಟಕ್ ಅಂತು, ಅಷ್ಟೇ.”

ಪೊನ್ನಪ್ಪ ಕೋವಿ ಮಡಿಚಿ ನೋಡಿದರು. ಎಡನಳಿಗೆಯಲ್ಲಿ ತೇವ ಹಿಡಿದು ಉಬ್ಬಿದ ತೋಟಾ ಹಾಗೆಯೇ ಕುಳಿತಿತ್ತು. ಮಾಡಿನ ಕೆಳಗೆ ನಿಂತು ಪಂಚನಾಮೆ ಬರೆಸಿದರು. ಹಾರದ ತೋಟಾವನ್ನು ಬಟ್ಟೆಯಲ್ಲಿ ಸುತ್ತಿ ಅರಗಿನ ಮೊಹರು ಹಾಕಿಸಿದರು. ಕಳ್ಳ ಆಳೇ ಎಂದಾದ ಮೇಲೆ ಮನೆಗಳ್ಳತನದ ಕಲಂ ೩೮೦ ಹೋಗಿ ೩೮೧ ಆಯಿತು: ಒಡೆಯನ ಸ್ವತ್ತನ್ನು ಆಳು ಕದ್ದದ್ದು. ಜೊತೆಗೆ ಪರವಾನಗಿಯಿಲ್ಲದೆ ಆಯುಧ ಇಟ್ಟುಕೊಂಡ ಕೇಸು. ಪೊನ್ನಪ್ಪನವರ ಮನೆತನದ ಮೂಲಮನೆಯಾದ ಐನ್‌ಮನೆಯಲ್ಲಿ ಒಂದು ಪಲ್ಟನ್ನಿಗೆ ಸಾಲುವಷ್ಟು ಕೋವಿಗಳಿದ್ದವು, ಒಂದಕ್ಕೂ ಪರವಾನಗಿ ಇರಲಿಲ್ಲ. ಕೊಡವರಿಗೆ ಬೇಕಿಲ್ಲವೆಂದು ಕಾಯ್ದೆಯೇ ಬಿಟ್ಟಿತ್ತು.

“ಸಾಮಿ, ಅದನ್ನೊಂದು ಹೊಡೆದುಬಿಡಿ,” ಎಂದ ಕಾಳ. “ಇಲ್ಲಾಂದ್ರೆ ಊರು ಹುಟ್ಟಿತು ಅಂದ್ಕೊಳ್ತದೆ.”

“ಅದು ಸಾಕ್ಷಿ. ಮುಟ್ಟೋ ಹಾಗಿಲ್ಲ.”

“ನಿಮ್ಮ ಸೊಂಟದಲ್ಲಿದೆಯಲ್ಲ.”

ಪೊನ್ನಪ್ಪನವರ ಕೈ ರಿವಾಲ್ವರಿನ ತನಕ ಹೋಯಿತು. ಸರ್ಕಾರಿ ಗುಂಡಿಗೆ ಲೆಕ್ಕ ಕೊಡಬೇಕೆಂಬುದು ಅದಕ್ಕೆ ನೆನಪಾಗಿ, ಅಲ್ಲಿಂದ ಮೀಸೆಗೆ ಬಂದು ನಿಂತಿತು.

ಕಾಳನ ಹೇಳಿಕೆಯಲ್ಲಿ ಉದ್ದೇಶವೆಂದು ಸಿಕ್ಕಿದ್ದು ಇಷ್ಟೇ. ನಾಣಯ್ಯನವರಿಗೆ ಮಗ ಹುಟ್ಟಿದ ದಿನ ಅವರು ಕೋರ್ಟಿನಲ್ಲಿದ್ದರು. ಗುಂಡು ಹಾರಿಸು ಎಂದು ಮನೆಯವರು ಕೋವಿ ಕೊಟ್ಟದ್ದು ಕಾಳನ ಕೈಗೇ. ಆ ಸದ್ದಿಗೆ ಇಡೀ ಊರು ‘ಯಾರ ಮನೇಲಿ, ಯಾರ ಮನೇಲಿ’ ಎಂದು ಕೇಳುತ್ತ ಓಡಿಬಂದಿತ್ತು. ತನ್ನ ಮನೆಯ ಕೂಸಿಗೂ ಒಂದು ಸಲ ಊರು ಹಾಗೆ ಕೇಳಲಿ ಎಂದು ಅವನಿಗೆ ಆಸೆಯಾಗಿತ್ತು.

ಮಧ್ಯಾಹ್ನ ಹನ್ನೆರಡೂವರೆಗೆ ಬೇಡಿ ಹಾಕಿ ಪೇಟೆಯಲ್ಲಿ ನಡೆಸಿಕೊಂಡು ಬಂದರು. ಕಾಕನ ಅಂಗಡಿ ಕಿಕ್ಕಿರಿದಿತ್ತು. ಒಂದೇ ವಾರದಲ್ಲಿ ಎರಡು ಗಂಡೆಂದು ಕಾಕ ಚಹಾಕ್ಕೆ ಒಂದೊಂದು ಚಮಚ ಸಕ್ಕರೆ ಹೆಚ್ಚು ಹಾಕುತ್ತಿದ್ದ. ಪೊನ್ನಪ್ಪನವರನ್ನು ಕಂಡು ಗಾಜಿನ ಲೋಟ ಎತ್ತಿದ.

“ಯಾರ ಮನೇಲಿ ಸಾರ್, ಗಂಡು?”

ಪೊನ್ನಪ್ಪ ಮುಂದೆ ನೋಡಿಕೊಂಡು ನಡೆದರು. ಕಾಳ ನಿಂತ. ಬೇಡಿಯ ಕೈಗಳನ್ನು ಎದೆಯ ತನಕ ಎತ್ತಿದ.

“ನಮ್ಮನೇಲಿ, ಕಾಕ.”

ಅಂಗಡಿಯೆಲ್ಲ ಬಿದ್ದು ಬಿದ್ದು ನಕ್ಕಿತು.