ಮಾಳಿಗೆಯ ಮೇಲಿನ ನೂಲು

"ಇಲ್ಲಿ ಮಾಂಸ ಒಗಿಯೋರು ನೀವೇನ್ರಿ?"

ಗಿಡ್ಡ ಗೋಡೆಯಾಚೆಯಿಂದ ಬಂದ ದನಿಗೆ ನೂರೀನ ತಿರುಗಿ ನೋಡಿದಳು. ಬೆಟಗೇರಿಯ ಆ ಓಣಿಗೆ ಮಗ್ಗ ನೇಯಲು ಲಕ್ಷ್ಮೇಶ್ವರದಿಂದ ಹೊಸದಾಗಿ ಬಂದಿದ್ದ ಇನಾಯತ, ಪಕ್ಕದ ಮಾಳಿಗೆಯ ಮೇಲೆ ನಿಂತಿದ್ದ. ಎದೆಗೆ ಬಿಳಿ ಮೊಲದ ಮರಿಯೊಂದನ್ನು ಅವುಚಿಕೊಂಡಿದ್ದ. ಅವನ ಮೊಣಕೈಯಲ್ಲಿ ರಕ್ತ.

ಎಷ್ಟು ಚೆಂದದ ಕಣ್ಣು ಎಂದು ಒಂದು ಕ್ಷಣ ಅನಿಸಿದ್ದು ಸುಳ್ಳಲ್ಲ. ಆದರೆ ನಮ್ಮ ನೂರೀನಳಿಗೆ ಸಿಟ್ಟು ಮೂಗಿನ ತುದಿಯಲ್ಲೇ.

"ಹೌದ್ರಿ. ನಮ್ಮಜ್ಜಿ ಹಾಸಿಗಿ ಹಿಡದಾಳ. ಆಕಿ ಜಡ್ಡು ಹೋಗಲಿ ಅಂತ ಆಕಿ ಹೆಸರಲೆ ಶುಕ್ರವಾರಕ್ಕೊಮ್ಮೆ ಹದ್ದಿಗೆ ಮಾಂಸ ದಾನ ಮಾಡಿ ಸದ್ಕಾ ಹಾಕ್ತೀನಿ. ತಪ್ಪೈತೇನು?"

"ಸದ್ಕಾ ತಪ್ಪಲ್ರಿ. ಆದ್ರ ಹದ್ದು ರುಚಿ ಕಂಡಾವ, ದಿನಾ ಇಲ್ಲೇ ಸುತ್ತತಾವ. ಈಗ ಇದರ ಮ್ಯಾಲ ಎರಗಿತ್ತು. ಬ್ಯಾರೆ ಕಡೆ ಹಾಕ್ರಿ."

"ನಮ್ಮಜ್ಜಿಗಿಂತ ನಿಮ್ಮ ಮೊಲ ಹೆಚ್ಚಾತೇನ್ರಿ?"

ಇನಾಯತ ಮೊಲವನ್ನು ಅವುಚಿಕೊಂಡೇ ಕೆಳಗಿಳಿದ.

ಮರುದಿನ ನೋಡಿದರೆ ಅವನ ಮಾಳಿಗೆಗೆ ನೂಲಿನ ಚಪ್ಪರ. ಮಗ್ಗದಲ್ಲಿ ಉಳಿದ ತುಂಡು ನೂಲುಗಳನ್ನು ಗಂಟು ಹಾಕಿ, ಗೇಣಿಗೊಂದರಂತೆ ಎಳೆದು ಕಟ್ಟಿದ್ದ. ನಡುನಡುವೆ ಜರಿಯ ಎಳೆ ಬಿಸಿಲಿಗೆ ಹೊಳೆಯುತ್ತಿತ್ತು. ಆ ಹೊಳಪು ಕಂಡರೆ ಹದ್ದು ಇಳಿಯದು. ಕೆಲವು ಎಳೆಗಳು ನೂರೀನಳ ಬಟ್ಟೆ ಒಣಹಾಕುವ ಕಂಬಕ್ಕೂ ಬಂದಿದ್ದವು.

ಎರಡು ಶುಕ್ರವಾರ ಹದ್ದು ಬರಲಿಲ್ಲ. ಎಸೆದ ಮಾಂಸಕ್ಕೆ ಇರುವೆ ಮುತ್ತಿದವು. ಎರಡನೆಯ ಶುಕ್ರವಾರ ಕಳೆದು ಬೆಳಗಾಗುವುದರೊಳಗೆ ಅಜ್ಜಿ ಮೋತಿಬಿಯ ಜ್ವರ ಏರಿತು.

'ನನ್ನ ಸದ್ಕಾ ಮುಟ್ಟಲಿಲ್ಲ... ಎಲ್ಲಾ ಆ ನೂಲಿನಿಂದ!'

ಸೀರೆಗೆ ಕುಚ್ಚು ಕಟ್ಟುತ್ತಿದ್ದವಳ ಕೈಯಲ್ಲಿ ಕತ್ತರಿ ಇತ್ತು. ಹಾಗೆಯೇ ಮಾಳಿಗೆ ಹತ್ತಿದಳು. ತನ್ನ ಕಂಬದಿಂದ ಶುರುಮಾಡಿ ಕೈಗೆಟುಕಿದ್ದನ್ನೆಲ್ಲ ಕಚಕಚ ಕತ್ತರಿಸಿದಳು. ಆಚೆಯ ಮೂಲೆಯಲ್ಲಿ ಮೊಲ ಹುಲ್ಲು ತಿನ್ನುತ್ತಿದ್ದುದು ಅವಳಿಗೆ ಕಾಣದೆ ಇರಲಿಲ್ಲ.

'ಒಂದು ದಿನಕ್ಕ ಏನಾಗತೈತಿ...'

ತಾಸಿನೊಳಗೆ ಮೇಲಿಂದ ಒಂದು ಕೀಚಲು ಕೂಗು. ನೂರೀನ ಓಡಿ ಬರುವಷ್ಟರಲ್ಲಿ ಹದ್ದು ಮಸೀದಿಯ ಮಿನಾರ ದಾಟಿತ್ತು. ಅದರ ಉಗುರಿನಲ್ಲಿ ಬೆಳ್ಳಗಿನದೇನೋ ಜೋತಾಡುತ್ತಿತ್ತು.

ಇನಾಯತ ಮಗ್ಗ ಬಿಟ್ಟು ಬಂದ. ತೂಗಾಡುತ್ತಿದ್ದ ನೂಲಿನ ತುದಿ ಹಿಡಿದು ನೋಡಿದ. ಹರಿದ ಎಳೆ ಯಾವುದು, ಕತ್ತರಿ ತಾಗಿದ ಎಳೆ ಯಾವುದು ಎಂದು ನೇಕಾರನಿಗೆ ಹೇಳಿಕೊಡಬೇಕೆ? ಅವಳತ್ತ ಒಮ್ಮೆ ನೋಡಿದ. ಬೈಯಲಿಲ್ಲ.

ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಮೂರನೆಯ ದಿನ ಅವನು ತನ್ನ ಊರಿಗೆ ಹೊರಟುಹೋದ. ಮಗ್ಗದ ಸದ್ದಿಲ್ಲದ ಆ ಮನೆಯತ್ತ ನೂರೀನಳ ಕಣ್ಣು ಮತ್ತೆ ಮತ್ತೆ ಹೋಗುತ್ತಿತ್ತು.

ಗದಗಿನ ಡಾಕ್ಟರರ ಔಷಧಿ ಫಲಿಸಿ, ಹದಿನೈದು ದಿನದಲ್ಲಿ ಮೋತಿಬಿ ಎದ್ದು ಕುಳಿತಳು. ಗಂಜಿ ಕುಡಿದು ಬಾಯೊರೆಸಿಕೊಂಡು ಕೇಳಿದಳು.

"ಇನಾಯತ ಬಂದನೇನವ್ವಾ? ನನ್ನ ಮೊಲ ತರ್ತೀನಿ ಅಂದಿದ್ದ."

"ನಿನ್ನ ಮೊಲ?"

"ನಿನ್ನ ಕೂಡ ಜಗಳಾಡಿದ ಮರುದಿನಾನ ನನ್ನ ನೋಡಾಕ ಬಂದಿದ್ದ. ಆಮ್ಯಾಲ ನೀ ಸೀರಿ ಕೊಡಾಕ ಹೋದಾಗೆಲ್ಲ ಮೊಲ ತಂದು ನನ್ನ ತೊಡಿ ಮ್ಯಾಲ ಬಿಡತಿದ್ದ. ಆ ಮೆತ್ತನ್ನ ಜೀವ ಮುಟ್ಟಿದ್ರ ನೋವು ಮರೀತಿತ್ತು. ಊರಿಗೆ ಹೋಗೂ ದಿನ ಒಬ್ಬನ ಬಂದು, ಇಲ್ಲಿ ಬಿಸಲು ಭಾಳ ಅಜ್ಜಿ, ಮೊಲಾನ ಲಕ್ಷ್ಮೇಶ್ವರಕ್ಕ ಒಯ್ತೀನಿ, ಆಮ್ಯಾಲ ತರ್ತೀನಿ ಅಂದ. ನಿನಗ ಹೇಳಲಿಲ್ಲೇನು?"

ಅಜ್ಜಿ ಉಳಿಯಲೆಂದೇ ಅಲ್ಲವೇ ಇಷ್ಟೆಲ್ಲ ಮಾಡಿದ್ದು... ಅಜ್ಜಿಗೆ ಸಮಾಧಾನ ಕೊಟ್ಟ ಜೀವವನ್ನೇ ನೂರೀನ ಹದ್ದಿನ ಬಾಯಿಗೆ ಹಾಕಿದ್ದಳು. ಅವನೋ, ತನ್ನ ದುಃಖ ನುಂಗಿಕೊಂಡು, ಅಜ್ಜಿಯ ಮುಂದೆ ಇವಳ ಹೆಸರೆತ್ತದೆ ಹೋಗಿದ್ದ.

ಎರಡು ದಿನ ಮಾಳಿಗೆಯ ಮೇಲೆ ಕುಳಿತು, ಕತ್ತರಿಸಿದ ತುಂಡುಗಳನ್ನೆಲ್ಲ ಆರಿಸಿ ಗಂಟು ಹಾಕಿದಳು. ಮೂರನೆಯ ದಿನ ಲಕ್ಷ್ಮೇಶ್ವರದ ಬಸ್ಸು ಹತ್ತಿದಳು.

ಮನೆಯಂಗಳದಲ್ಲಿ ನೂಲು ಸುತ್ತುತ್ತಿದ್ದ ಇನಾಯತ ತಲೆ ಎತ್ತಿದ. ಅವಳು ನೂಲಿನ ಉಂಡೆಯನ್ನು ಅವನ ಮುಂದಿಟ್ಟಳು.

"ನಾನ ಕತ್ತರಿಸಿದ್ದು."

"ಗೊತ್ತೈತ್ರಿ."

"ಮತ್ತ ಯಾಕ ಬೈಲಿಲ್ಲ?"

"ಕೆಳಗ ಅಜ್ಜಿ ಮಲಗಿದ್ರು. ಕೇಳಿಸಿದ್ರ ಮನಸ್ಸಿಗೆ ಹಚ್ಚಿಕೊಳ್ತಿದ್ರು." ಅವನು ಉಂಡೆಯತ್ತ ನೋಡಿದ. "ಮತ್ತ... ನಿಮ್ಮನ್ನ ಬೈಯಾಕ ನನಗ ಬಾಯಿ ಬರಲಿಲ್ಲ. ನೀವು ಜಗಳಾಡಿದ ದಿನದಿಂದ ಮನಸ್ಸು ನಿಮ್ಮ ಕಡೇನ ಐತಿ."

ನೂರೀನ ಅತ್ತುಬಿಟ್ಟಳು. "ನನ್ನ ಮನಸಿನ್ಯಾಗೂ ನೀವ ಅದೀರಿ. ಆದ್ರ ಯಾವ ಮಾರಿ ಹೊತ್ತು ಹೇಳ್ಲಿ? ಆ ಮೊಲ ತಿರುಗಿ ಬರಂಗಿಲ್ಲಲ್ರಿ..."

"ಇಲ್ಲ. ಬರಂಗಿಲ್ಲ."

ಅವನು ಉಂಡೆ ಎತ್ತಿಕೊಂಡು ಒಂದು ಗಂಟನ್ನು ಎಳೆದು ನೋಡಿದ. ಬಿಚ್ಚಲಿಲ್ಲ. ಇನ್ನೊಂದನ್ನು ಎಳೆದ. ಅದೂ ಬಿಚ್ಚಲಿಲ್ಲ.

"ಅಜ್ಜಿ ದಿನಾ ಬಾಗಲ ಕಡೆ ನೋಡ್ತಾಳ. ಏನ ಹೇಳ್ಲಿ?"

"ಖರೇನ ಹೇಳ್ರಿ."

"ಒಬ್ಬಾಕಿ ಕೈಲೆ ಆಗಂಗಿಲ್ಲ."

ಇನಾಯತ ಮೊಳೆಗೆ ತೂಗುಹಾಕಿದ್ದ ಅಂಗಿ ತೆಗೆದುಕೊಂಡ. "ಒಬ್ಬಾಕಿನ್ನ ಯಾರು ಕಳಸ್ತಾರ? ನೀವು ಕತ್ತರಿ ಆಡಿಸೀರಿ, ನಾ ಸುಳ್ಳು ಹೇಳೀನಿ. ಇಬ್ಬರೂ ಕೂಡೇ ಬೈಸಿಕೊಳ್ಳೂಣು, ನಡೀರಿ."

"ಬೈಸಿಕೊಂಡ ಮ್ಯಾಲ?"

"ಅಜ್ಜಿ ಹತ್ರ ನಿಮ್ಮನ್ನ ಕೇಳ್ತೀನಿ."

"ಕೊಡಂಗಿಲ್ಲ ಅಂದ್ರ?"

"ಹೂಂ ಅನ್ನೂತನಕ ನಿಮ್ಮ ಮಾಳಗಿ ಮ್ಯಾಲ ನೂಲು ಕಟ್ಟಕೋತ ಇರ್ತೀನಿ."

"ಒಂದು ತುದಿ ನಾ ಹಿಡೀತೀನ್ರಿ," ಎಂದಳು ನೂರೀನ.